ಕಾವಲಿನ ಹೂವು ಕುಂಡದಲ್ಲಿ

ಆರ್ಕಿಡ್ ಎಂದೊಡನೆ ನಮ್ಮ ವಾಚಕರ ಕಣ್ಣಿಗೆ ಕಟ್ಟುವುದು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ನೇರಿಳೆ ಬಣ್ಣದ ಗೊಂಚಲು. ಮಲೆನಾಡಿನವರಾದರೆ ಮರದ ಕೊಂಬೆಯಿಂದ ಜೋಲುವ ಸೀತಾಳೆ ದಂಡೆ. ಇವೆಲ್ಲವೂ ಮಣ್ಣನ್ನು ಬಯಸದೆ ತೊಗಟೆಯನ್ನೋ ಇದ್ದಿಲ ಚೂರನ್ನೋ ಹಿಡಿದು ಬೆಳೆಯತಕ್ಕವು. ನೆಲದಲ್ಲಿಯೇ ಬೇರೂರಿ, ಹುಲ್ಲಿನ ನಡುವೆ ತಲೆಯೆತ್ತಿ, ಮಳೆಗಾಲ ಕಳೆದೊಡನೆ ಮಾಯವಾಗುವ ಆರ್ಕಿಡ್‌ಗಳೂ ಉಂಟೆಂಬುದು, ಅವು ನಮ್ಮ ಯಲಹಂಕದ ಆಸುಪಾಸಿನ ಒಣ ನೆಲದಲ್ಲಿಯೂ ಬದುಕಬಲ್ಲವೆಂಬುದು, ಕೆಲವು ವರ್ಷಗಳ ಹಿಂದಿನವರೆಗೆ ನಮಗೂ ತಿಳಿದಿರಲಿಲ್ಲ.

ನಮ್ಮ ಮನೆಗೆ ಕೂಗಳತೆಯಲ್ಲಿ ಒಂದು ಕುರುಚಲು ಬಯಲಿತ್ತು. ನಿವೇಶನಗಳಿಗಾಗಿ ಅದನ್ನು ಯಂತ್ರದಿಂದ ಸಮಮಾಡತೊಡಗಿದ ದಿನ, ನೆಲದೊಡೆಯರ ಅನುಮತಿಯನ್ನು ಕೇಳಿ, ಎರಡು ಗಿಡಗಳನ್ನು ಮಣ್ಣಿನ ಹೆಂಟೆಸಹಿತ ಅಗೆದು ತಂದೆವು. ಅಗಲವಾದ ಎಲೆಗಳು ನೆಲಕ್ಕೆ ಒತ್ತಿಕೊಂಡಿದ್ದುವು. ನಡುವಿನಿಂದ ಎದ್ದ ದಂಟಿನ ತುದಿಯಲ್ಲಿ ಬಿಳಿಯ ಹೂಗಳ ತೆನೆ. ಸಸ್ಯಶಾಸ್ತ್ರ ಬಲ್ಲ ಮಿತ್ರರು ಇದನ್ನು ಹೆಬನೇರಿಯ ರಾಕ್ಸ್‌ಬರ್ಘೈ ಎಂದು ಗುರುತಿಸಿದರು. 1793ರಿಂದ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಾಧಿಕಾರಿಯಾಗಿದ್ದ ವಿಲಿಯಂ ರಾಕ್ಸ್‌ಬರ್ಗ್ ಎಂಬಾತನ ಹೆಸರು ಅದಕ್ಕೆ ಅಂಟಿಕೊಂಡಿದೆ. ಹೆಬನೇರಿಯ ಎಂಬುದು ಕಡಿವಾಣದ ಪಟ್ಟಿಯೆಂಬರ್ಥದ ಲ್ಯಾಟಿನ್ ಮಾತಿನಿಂದ ಬಂದುದು.

ಕುಂಡದಲ್ಲಿ ನೆಟ್ಟೆವು, ಹೂವನ್ನು ನೋಡಿ ಸಂತೋಷಪಟ್ಟೆವು. ಚಿತ್ತೆ ಮಳೆ ಮುಗಿಯುವ ಹೊತ್ತಿಗೆ ಎಲೆಗಳು ಹಳದಿಯಾಗಿ ಕೊಳೆತುಹೋದುವು. ನಾವು ಗಾಬರಿಗೊಂಡು ಒಂದು ಕುಂಡಕ್ಕೆ ದಿನವೂ ನೀರೆರೆದೆವು, ಗೊಬ್ಬರವನ್ನೂ ಇಟ್ಟೆವು. ಮತ್ತೊಂದನ್ನು ಸತ್ತಿತೆಂದು ಬಗೆದು ಹಿತ್ತಿಲಿಗೆ ಚೆಲ್ಲಹೊರಟಾಗ, ಬಾಲ್ಯದಲ್ಲಿ ಕಾವಲಿನಲ್ಲಿ ದನ ಮೇಯಿಸಿದ್ದ ನೆರೆಮನೆಯ ಅಜ್ಜಿ ನೋಡಿ, "ಸತ್ತಿಲ್ಲ ಕಣಮ್ಮ, ಮಲಗೈತೆ. ಮಳೆ ಬರೋಗಂಟ ಎಬ್ಬಿಸಬ್ಯಾಡ" ಎಂದರು. ಆಕೆಯ ಮಾತೇ ನಿಜವಾಯಿತು. ನಾವು ಉಪಚಾರ ಮಾಡಿದ ಗಿಡದ ಗೆಡ್ಡೆ ಕೊಳೆತು ನಾರಿತು. ಚೆಲ್ಲಹೊರಟಿದ್ದುದು ರೋಹಿಣಿ ಮಳೆ ಬಿದ್ದೊಡನೆ ಮೊಳಕೆಯನ್ನು ತೋರಿತು.

ಈ ಗಿಡದ ಜೀವವಿರುವುದು ಎಲೆಯಲ್ಲಲ್ಲ, ನೆಲದೊಳಗಿನ ಪುಟ್ಟ ಗೆಡ್ಡೆಯಲ್ಲಿ. ಹಳೆಯ ಗೆಡ್ಡೆ ತನ್ನ ಸಾರವನ್ನೆಲ್ಲ ಆ ವರ್ಷದ ಎಲೆ ಹೂಗಳಿಗೆ ಕೊಟ್ಟು ಸುಕ್ಕಿಹೋಗುತ್ತಿರುವಾಗ, ಅದರ ಪಕ್ಕದಲ್ಲಿಯೇ ಮುಂದಿನ ವರ್ಷದ ಹೊಸ ಗೆಡ್ಡೆ ತುಂಬಿಕೊಳ್ಳುವುದು. ಆದುದರಿಂದ ಹೂವು ಬಾಡಿದೊಡನೆ ಎಲೆಯನ್ನು ಕತ್ತರಿಸುವುದು ದೊಡ್ಡ ತಪ್ಪು. ಹೊಸ ಗೆಡ್ಡೆಗೆ ಆಹಾರ ಒದಗುವುದು ಆ ಎಲೆಯಿಂದಲೇ. ಅದು ತಾನಾಗಿ ಒಣಗಿದ ಮೇಲೆ ನೀರನ್ನು ನಿಲ್ಲಿಸಿ, ಕುಂಡವನ್ನು ಮಳೆ ಬೀಳದ ಸೂರಿನ ಕೆಳಗೆ ಇಡತಕ್ಕದ್ದು. ಬರಿಯ ಮಣ್ಣಿನ ಕುಂಡವೆಂದು ಯಾರಾದರೂ ಬರಿದುಮಾಡಿಯಾರು. ಒಂದು ಕಡ್ಡಿಯನ್ನು ನೆಟ್ಟಿರುವುದು ಒಳ್ಳೆಯದು. ಮೃಗಶಿರದಲ್ಲಿ ಹೊರಗೆ ತಂದರೆ ಸಾಕು, ಪುಷ್ಯ ಆಶ್ಲೇಷಗಳ ಹೊತ್ತಿಗೆ ತೆನೆ ಬರುವುದು.

ಕುಂಡದ ತಳದಲ್ಲಿ ಹೆಂಚಿನ ಚೂರು ಹರಡಿ, ದಪ್ಪ ಮರಳನ್ನೂ ಕೊಳೆತ ತರಗೆಲೆಯನ್ನೂ ಬೆರೆಸಿದ ಮಣ್ಣು ತುಂಬಬೇಕು. ಬೆಳಗಿನ ಎಳೆಬಿಸಿಲು ಹಿತ. ಆದರೆ ಮುಖ್ಯವಾದುದು, ಗಿಡದೊಡನೆ ಬಂದ ಅದರ ಊರಿನ ಮಣ್ಣು. ಅದನ್ನು ತೊಳೆದುಹಾಕಬಾರದು, ಬೂಷ್ಟು ಕೊಲ್ಲುವ ಔಷಧವನ್ನಂತೂ ಸುರಿಯಲೇಬಾರದು.

ಇದಕ್ಕೆ ಕಾರಣವುಂಟು. ಆರ್ಕಿಡ್‌ನ ಒಂದೊಂದು ಕಾಯಿಯಲ್ಲಿಯೂ ಬೀಜಗಳು ಧೂಳಿನಂತೆ ಸಾವಿರಗಟ್ಟಲೆ ಇರುವುವು. ರಾಗಿಯ ಕಾಳಿನಲ್ಲಿ ಮೊಳಕೆಗೆ ಬೇಕಾದ ಬುತ್ತಿ ಇರುವಂತೆ ಇವುಗಳಲ್ಲಿಲ್ಲ. ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರವು ಒಳಹೊಕ್ಕು ಉಣಿಸಿದರೆ ಮಾತ್ರ ಬೀಜ ಮೊಳೆಯುವುದು. ಇದನ್ನು 1899ರಲ್ಲಿ ಕಂಡವನು ನೊಯೆಲ್ ಬೆರ್ನಾರ್ ಎಂಬ ಫ್ರೆಂಚ್ ಪಂಡಿತ. 1922ರಲ್ಲಿ ಅಮೆರಿಕೆಯ ಲೂಯಿಸ್ ನಡ್ಸನ್ ಶಿಲೀಂಧ್ರದ ಹಂಗಿಲ್ಲದೆ ಸಕ್ಕರೆ ಬೆರೆಸಿದ ಸೀಸೆಯಲ್ಲಿಯೇ ಬೀಜ ಮೊಳೆಯಿಸಿದನು. ಅಂಗಡಿಯ ಆರ್ಕಿಡ್ ಸುಲಭವಾಗಿ ದೊರೆಯುವಂತಾದುದು ಇಂಥ ಪ್ರಯೋಗಗಳ ಫಲವಾಗಿ. ನಮ್ಮ ಬಯಲಿನ ಗಿಡಕ್ಕೆ ಸೀಸೆ ಎಲ್ಲಿಯದು? ಅದಕ್ಕೆ ಆ ಮಣ್ಣೇ ತಾಯಿ.

ಹೀಗಿರುವಾಗ, ಸೊಗಸಾಗಿದೆಯೆಂದು ಬಯಲಿನಿಂದ ಕಿತ್ತು ತರುವವರಿಗೆ ಬೇಡವೆಂದೇ ಹೇಳುವೆವು. ನಾವು ತಂದುದು ಯಂತ್ರದ ಬಾಯಿಂದ. ಅದರಲ್ಲಿಯೂ ಅರ್ಧವನ್ನು ಕೊಂದೆವು. ಕಾಡಿನ ಆರ್ಕಿಡ್‌ಗಳ ದೇಶಾಂತರ ವ್ಯಾಪಾರಕ್ಕೆ 1973ರ ವಾಷಿಂಗ್ಟನ್ ಒಡಂಬಡಿಕೆ ಕಟ್ಟುಹಾಕಿದೆ, ಭಾರತವೂ 1976ರಲ್ಲಿ ಅದನ್ನು ಒಪ್ಪಿತು. ಆದರೆ ನಿವೇಶನದ ಯಂತ್ರ ಯಾವ ಒಡಂಬಡಿಕೆಯನ್ನೂ ಓದಿಲ್ಲ. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲಿನ ದನಗಳಿಗಾಗಿ ಕಾವಲುಗಳನ್ನು ಕಾದಿರಿಸುತ್ತಿದ್ದರು. ಮುಂದೆ ಹುಲ್ಲುಬಯಲೆಂದರೆ ಬರಡೆಂದು ಬಗೆದು ಎಷ್ಟೋ ಕಡೆ ನೀಲಗಿರಿ ಮರಗಳನ್ನು ನೆಟ್ಟರು. ಇವುಗಳ ನಡುವೆ ಹೆಸರಘಟ್ಟದಲ್ಲಿ, 1894ರಲ್ಲಿ ಅರ್ಕಾವತಿಗೆ ಕಟ್ಟಿದ ಕೆರೆಯ ಬಳಿ, ಹುಲ್ಲುಗಾವಲು ಇನ್ನೂ ಉಳಿದಿದೆ. ಐದು ಸಾವಿರ ಎಕರೆಗೂ ಮಿಕ್ಕ ಆ ಪ್ರದೇಶವನ್ನು ಸಂರಕ್ಷಿತವಾಗಿಸಲು ರಾಜ್ಯ ವನ್ಯಜೀವಿ ಮಂಡಳಿಯು 2024ರಲ್ಲಿ ಒಪ್ಪಿತು. ನೆಲದ ಹೂಗಳನ್ನು ಕಾಣಬಯಸುವವರು ಶ್ರಾವಣದಲ್ಲಿ ಅಂಥ ಬಯಲುಗಳಲ್ಲಿ ಕಾಲಿಡುವ ಜಾಗವನ್ನು ನೋಡಿಕೊಂಡು ನಡೆಯಲಿ, ಗುದ್ದಲಿಯನ್ನು ಮನೆಯಲ್ಲಿಯೇ ಬಿಡಲಿ.

ನಮ್ಮ ಒಂಟಿ ಗಿಡ ಹೋದ ವರ್ಷ ಎರಡು ಕಾಯಿ ಕಟ್ಟಿತು. ಸಂಜೆಗತ್ತಲಲ್ಲಿ ಯಾವ ಪತಂಗ ಬಂದು ಹೋಯಿತೋ ನಾವು ಕಾಣೆವು. ಕಾಯಿ ಬಿರಿದಾಗ ಬೀಜದ ಧೂಳನ್ನು ಅದೇ ಕುಂಡದ ಮಣ್ಣಿನ ಮೇಲೆಯೇ ಉದುರಿಸಿದೆವು. ಈ ರೋಹಿಣಿಯಲ್ಲಿ ಹಳೆಯ ಮೊಳಕೆಯೊಂದೇ ಎದ್ದಿತು. ಅಜ್ಜಿ ಬಗ್ಗಿ ನೋಡಿ, "ಇನ್ನೂ ಮಲಗವೆ" ಎಂದು ಹೇಳಿ ಹೋದರು.