ಅಜ್ಜಿ ಕೊಟ್ಟ ಬ್ಯಾಕ್ಟೀರಿಯಾ

ಮಳೆಗಾಲದಲ್ಲಿ ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಕಣ್ಣಿಗೆ ಬೀಳುವುದೆಲ್ಲ ಹಸಿರೇ. ಗದ್ದೆ ಹಸಿರು, ಭೀಮಗಡದ ಕಾಡು ಹಸಿರು, ಹಳೇ ಮನೆಗಳ ಗೋಡೆಗೆ ಹತ್ತಿದ ಪಾಚಿಯೂ ಹಸಿರು. ಮಕ್ಕಳೇ, ಈ ಹಸಿರೆಲ್ಲ ಒಂದೇ ಮನೆತನದ್ದು, ಅದೂ ಬ್ಯಾಕ್ಟೀರಿಯಾದ ಮನೆತನದ್ದು ಎಂದರೆ ನಂಬುತ್ತೀರಾ?

ನಾನು ಬಿಕಾಂ ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಜೀವಶಾಸ್ತ್ರ ಕಲಿತದ್ದು ನಿವೃತ್ತನಾದ ಮೇಲೆ, ಮೊಮ್ಮಗನ ಒಂಬತ್ತನೇ ತರಗತಿಯ ಪುಸ್ತಕದಿಂದ. ಅದರಲ್ಲಿ ಜೀವಕೋಶಗಳಿಗೆ ಎರಡು ಉದ್ದನೆಯ ಹೆಸರುಗಳಿವೆ: ಪ್ರೊಕ್ಯಾರಿಯೋಟ್, ಯೂಕ್ಯಾರಿಯೋಟ್. ಹೆದರಬೇಡಿ. ಮೊದಲನೆಯದು ಒಂದೇ ಕೋಣೆಯ ಮನೆ. ಹಾಲಿಗೆ ಹೆಪ್ಪು ಹಾಕುತ್ತಾರಲ್ಲ, ಆ ಹೆಪ್ಪಿನ ಬ್ಯಾಕ್ಟೀರಿಯಾ ಇಂಥದ್ದು. ಅಡುಗೆ, ಊಟ, ಲೆಕ್ಕಪತ್ರ ಎಲ್ಲ ಅದೇ ಕೋಣೆಯಲ್ಲಿ. ಲೆಕ್ಕಪತ್ರ ಅಂದರೆ ಡಿಎನ್‌ಎ.

ಎರಡನೆಯದು ದೇಸಾಯರ ವಾಡೆ ಇದ್ದ ಹಾಗೆ. ಕೋಣೆಗಳು ಹಲವು, ಲೆಕ್ಕಪತ್ರಕ್ಕೆ ಬೇರೆಯೇ ಖಜಾನೆ ಕೋಣೆ. ಅದೇ ಕೋಶಕೇಂದ್ರ. ನೀವು, ನಾನು, ಹಲಸಿನ ಮರ, ಪಾವಿನ ಹಿಟ್ಟು ಉಬ್ಬಿಸುವ ಯೀಸ್ಟ್, ಎಲ್ಲರೂ ವಾಡೆಯವರು. ಬ್ಯಾಕ್ಟೀರಿಯಾದ ಉದ್ದ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದೋ ಎರಡೋ ಪಾಲು. ನಮ್ಮ ಕೋಶ ಅದರ ಹತ್ತಿಪ್ಪತ್ತು ಪಟ್ಟು ಅಗಲ.

ಒಂದು ಕೋಣೆಯ ಮನೆಗಳು ಭೂಮಿಯ ಮೇಲೆ ಬಂದು 350 ಕೋಟಿ ವರ್ಷಗಳಾದರೂ ಆಗಿವೆ. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಕಲಾದಗಿ ಸುಣ್ಣಕಲ್ಲಿನಲ್ಲಿ ಪದರು ಪದರಾದ ಗುರುತುಗಳಿವೆ. ಅವು ನೂರು ಕೋಟಿ ವರ್ಷಕ್ಕೂ ಹಿಂದೆ ಅಂಥ ಸೂಕ್ಷ್ಮಜೀವಿಗಳ ಹಾಸು ಬಿಟ್ಟುಹೋದದ್ದು. ವಾಡೆಗಳು ಎದ್ದದ್ದು ಬಹಳ ತಡವಾಗಿ. ಎದ್ದ ಬಗೆಯೇ ಸ್ವಾರಸ್ಯ.

ಒಂದು ಕೋಶ ಒಂದು ಬ್ಯಾಕ್ಟೀರಿಯಾವನ್ನು ಒಳಗೆ ಎಳೆದುಕೊಂಡಿತು. ಅದು ಜೀರ್ಣವಾಗಲಿಲ್ಲ, ಸಾಯಲಿಲ್ಲ, ಒಳಗೇ ಉಳಿದು ಮನೆಯವರಿಗೆ ಶಕ್ತಿ ಒದಗಿಸತೊಡಗಿತು. ಇವತ್ತು ಅದರ ಹೆಸರು ಮೈಟೋಕಾಂಡ್ರಿಯಾ. ಮುಂದೆ ಅಂಥದೊಂದು ವಾಡೆಯೊಳಗೆ ಬಿಸಿಲು ಉಂಡು ಬದುಕುವ ನೀಲಿ-ಹಸಿರು ಬ್ಯಾಕ್ಟೀರಿಯಾವೂ ಸೇರಿಕೊಂಡಿತು. ಅದು ಕ್ಲೋರೋಪ್ಲಾಸ್ಟ್ ಆಯಿತು. ಖಾನಾಪುರದ ಹಸಿರೆಲ್ಲ ಅದರದೇ. ಇಂಥ ಒಗ್ಗಟ್ಟು ಸಾಧ್ಯವೇ ಎನ್ನುವವರು ಅಡುಗೆಮನೆಯ ಮಸಾಲೆ ಡಬ್ಬಿ ತೆಗೆದು ಕಲ್ಲುಹೂವು ನೋಡಲಿ. ಅದು ಹೂವಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರ. ಅಲ್ಲಿ ಇಬ್ಬರೂ ಇನ್ನೂ ಬೇರೆ ಬೇರೆ ಕೋಶಗಳು, ಅಷ್ಟೇ ವ್ಯತ್ಯಾಸ.

ಕ್ಲೋರೋಪ್ಲಾಸ್ಟಿನ ಈ ಕಥೆಯನ್ನು ರಷ್ಯಾದ ಮೆರೆಷ್ಕೋವ್ಸ್ಕಿ 1905ರಲ್ಲೇ ಹೇಳಿದ್ದರು. ಯಾರೂ ಕಿವಿಗೊಡಲಿಲ್ಲ. 1967ರಲ್ಲಿ ಅಮೆರಿಕದ ಲಿನ್ ಮಾರ್ಗುಲಿಸ್, ಇನ್ನೂ ಮೂವತ್ತು ತುಂಬದ ಹೆಣ್ಣುಮಗಳು, ಎರಡಕ್ಕೂ ಸೇರಿಸಿ ವಾದ ಕಟ್ಟಿದರು. ಹದಿನೈದರಷ್ಟು ಪತ್ರಿಕೆಗಳು ತಿರಸ್ಕರಿಸಿದ ಮೇಲೆ ಆ ಲೇಖನ ಅಚ್ಚಾಯಿತು.

ಸಾಕ್ಷಿ ಏನು? ಮೈಟೋಕಾಂಡ್ರಿಯಾಕ್ಕೆ ಇಂದಿಗೂ ಸ್ವಂತ ಡಿಎನ್‌ಎ ಇದೆ, ಬ್ಯಾಕ್ಟೀರಿಯಾದ್ದರಂತೆ ಬಳೆಯಾಕಾರದ್ದು. ಪ್ರೋಟೀನು ತಯಾರಿಸುವ ಅದರ ಯಂತ್ರವೂ ಬ್ಯಾಕ್ಟೀರಿಯಾದ್ದನ್ನೇ ಹೋಲುತ್ತದೆ. ನನಗೆ ಇದು ಬ್ಯಾಂಕುಗಳ ವಿಲೀನದಂತೆ ಕಾಣುತ್ತದೆ. ಹಳೇ ಖಾತೆಗಳಲ್ಲಿ ಕೆಲವು ರದ್ದಾದವು, ಬಹಳಷ್ಟು ಪ್ರಧಾನ ಕಚೇರಿಗೆ, ಅಂದರೆ ಕೋಶಕೇಂದ್ರಕ್ಕೆ ಹೋದವು. ಮನುಷ್ಯರ ಮೈಟೋಕಾಂಡ್ರಿಯಾ ತನ್ನ ಬಳಿ ಉಳಿಸಿಕೊಂಡದ್ದು 37 ಜೀನ್ ಮಾತ್ರ.

ಇದನ್ನೆಲ್ಲ ತಿಳಿದು ಏನು ಲಾಭ ಎಂದು ನನ್ನ ವಯಸ್ಸಿನವರು ಕೇಳಬಹುದು. ಲಾಭ ಇದೆ. ಆ್ಯಂಟಿಬಯೋಟಿಕ್ ಔಷಧ ರೋಗಾಣುವನ್ನು ಕೊಂದು ನಮ್ಮನ್ನು ಬಿಡುವುದು ಒಂದು ಕೋಣೆಯ ಮನೆಗೂ ವಾಡೆಗೂ ವ್ಯತ್ಯಾಸ ಇರುವುದರಿಂದಲೇ. (ನೆಗಡಿಯ ವೈರಸ್ಸಿಗೆ ಕೋಣೆಯೇ ಇಲ್ಲ. ಅದಕ್ಕೇ ಅದರ ಮೇಲೆ ಈ ಗುಳಿಗೆ ನಡೆಯುವುದಿಲ್ಲ.) ಆದರೆ ವಾಡೆಯೊಳಗೆ ಹಳೇ ಬ್ಯಾಕ್ಟೀರಿಯಾ ಕುಳಿತಿದೆಯಲ್ಲ! ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್ ಜಾತಿಯ ಇಂಜೆಕ್ಷನ್ನುಗಳು ಬ್ಯಾಕ್ಟೀರಿಯಾದ ಪ್ರೋಟೀನ್ ಯಂತ್ರವನ್ನು ಕೆಡಿಸುತ್ತವೆ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಚುಚ್ಚಿಸಿಕೊಂಡವರು ನಮ್ಮ ಪೀಳಿಗೆಯಲ್ಲಿ ಎಷ್ಟೋ ಮಂದಿ. ಕೆಲವರಿಗೆ ಕಾಯಿಲೆ ಹೋಯಿತು, ಜೊತೆಗೆ ಕಿವಿಯೂ ಹೋಯಿತು.

ಅದಕ್ಕೆ ಕಾರಣ ಹಲವು. ಒಂದು ಕಾರಣ ಮಾತ್ರ ವಂಶದಲ್ಲಿ ಇಳಿದು ಬರುತ್ತದೆ. ಮೈಟೋಕಾಂಡ್ರಿಯಾದ ಡಿಎನ್‌ಎ ಪುಸ್ತಕದಲ್ಲಿ ಸುಮಾರು 16,569 ಅಕ್ಷರಗಳು. ಅದರ 1,555ನೆಯ ಅಕ್ಷರ ಒಂದು ಬದಲಾಗಿದ್ದರೆ ನಮ್ಮ ಯಂತ್ರ ಬ್ಯಾಕ್ಟೀರಿಯಾದ ಯಂತ್ರಕ್ಕೆ ಇನ್ನಷ್ಟು ಹೋಲುತ್ತದೆ, ಔಷಧ ಅದಕ್ಕೂ ಅಂಟುತ್ತದೆ. ಅಂಥವರಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಕಿವುಡು ಬರಬಹುದು. ಒಂದೇ ಅಕ್ಷರ! ಲೆಡ್ಜರ್ ಬರೆದವನಿಗೆ ಇದು ಹೊಸ ಮಾತಲ್ಲ.

ಮೈಟೋಕಾಂಡ್ರಿಯಾ ಮಗುವಿಗೆ ಬರುವುದು ತಾಯಿಯಿಂದ. ತಾಯಿಗೆ ಬಂದದ್ದು ಅವಳ ತಾಯಿಯಿಂದ. ನನ್ನ ಮಗನ ಮಗನಿಗೆ ನಾನು ಮೂಗು ಕೊಟ್ಟಿರಬಹುದು, ಮೈಟೋಕಾಂಡ್ರಿಯಾ ಒಂದೂ ಕೊಟ್ಟಿಲ್ಲ. ಆದ್ದರಿಂದ ಈ ವಿಷಯದಲ್ಲಿ ನನ್ನಂಥ ಅಜ್ಜನನ್ನು ಕೇಳಿ ಪ್ರಯೋಜನವಿಲ್ಲ. ರಜೆಯಲ್ಲಿ ತಾಯಿಯ ತವರಿಗೆ ಹೋದಾಗ ಅಜ್ಜಿಯನ್ನು ಕೇಳಿ: ಸೋದರಮಾವನಿಗೋ, ಚಿಕ್ಕಮ್ಮನಿಗೋ, ಅಜ್ಜಿಯ ಅಕ್ಕ-ತಂಗಿಯರಿಗೋ ಇಂಜೆಕ್ಷನ್ ಆದ ಮೇಲೆ ಕಿವಿ ಮಂದವಾದದ್ದುಂಟೇ? ಉಂಟು ಎಂದರೆ ಮನೆಯ ಆಸ್ಪತ್ರೆ ಫೈಲಿನಲ್ಲಿ ಒಂದು ಚೀಟಿ ಬರೆದಿಡಿ. ಹಾಗೆಂದು ಔಷಧವನ್ನೇ ಬೇಡ ಎನ್ನಬಾರದು, ಜೀವ ಉಳಿಸುವ ಔಷಧ ಅದು. ಚೀಟಿ ಡಾಕ್ಟರ ಕೈಗೆ ಹೋಗಲಿ, ಸೂಜಿ ಚುಚ್ಚುವ ಮುಂಚೆಯೇ.