ತೋಟದ ಮನೆಯ ಕೋವಿ

ಮಳೆ ಹಿಂದೆ ಸರಿದು ಅಡಕೆ ಕೊಯ್ಲಿನ ಮಾತು ಶುರುವಾಗುತ್ತಿದ್ದಂತೆ, ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ಧಾರಣೆ, ಗೊಬ್ಬರ ಎಲ್ಲ ವಿಚಾರಿಸಿ ಎದ್ದು ಹೊರಡುವ ಮುನ್ನ ಇನ್ನೊಂದು ಪ್ರಶ್ನೆ ಕೇಳುವುದುಂಟು. "ನಮ್ಮ ತಂದೆಯವರ ಕಾಲದ ಜೋಡುನಳಿಗೆ ಒಂದಿದೆ. ಈಗ ಅಂಗಡಿಯಲ್ಲಿ ಸಿಗುವ ತೋಟೆ ಅದಕ್ಕೆ ಹಾಕಬಹುದೇ?" ಕೋವಿಯ ವಿಷಯದಲ್ಲಿ ನಮಗಿರುವ ಹುಚ್ಚು ಊರಿಗೆಲ್ಲ ತಿಳಿದಿರುವುದರಿಂದ ಪ್ರಶ್ನೆ ನಮ್ಮ ಮೇಜಿಗೇ ಬರುತ್ತದೆ. ಉತ್ತರ ಒಂದೇ ಮಾತಿನಲ್ಲಿ ಹೇಳುವಂಥದ್ದಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ಎಲೆಚುಕ್ಕೆ ರೋಗವನ್ನೂ ಕಾಯಿಕೊರಕವನ್ನೂ ಸ್ವಲ್ಪ ಬದಿಗಿಟ್ಟು ಕೋವಿಯ ವಿಚಾರ ಬರೆಯುತ್ತಿದ್ದೇವೆ.

ನಮ್ಮ ಸೀಮೆಯ ಮನೆಗಳಲ್ಲಿರುವ ಕೋವಿಗಳು ಬಹುಮಟ್ಟಿಗೆ ಮೂರು ಜಾತಿಯವು: ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ, ಒಂಟಿನಳಿಗೆಯ ತೋಟಾ ಕೋವಿ, ಜೋಡುನಳಿಗೆಯ ತೋಟಾ ಕೋವಿ.

ಕೇಪಿನ ಕೋವಿಯನ್ನು ಹಳೆಯ ಕಾಲದ ಕಬ್ಬಿಣವೆಂದು ಹಗುರವಾಗಿ ಕಾಣುವವರಿದ್ದಾರೆ. ನಾವು ಹಾಗೆ ಕಾಣುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆ ಬೆಳೆ ರಕ್ಷಣೆಗೆಂದೇ ಹೆಸರಿಸಿರುವ ಆಯುಧ ಇದೇ. ಮದ್ದು ಸುರಿದು, ನಾರು ಜಡಿದು, ಚರೆ ಹಾಕಿ, ಮತ್ತೆ ನಾರು ಜಡಿದು, ಕೊನೆಗೆ ಕೇಪು ಕೂರಿಸಿ ಒಂದು ಈಡು ಹೊಡೆಯುವಷ್ಟರಲ್ಲಿ ಹಂದಿ ಗಡಿ ದಾಟಿ ಹೋಗಿರುತ್ತದೆ, ನಿಜ. ಆದರೆ ಚರೆಯಿಲ್ಲದೆ ಬರಿಯ ಮದ್ದಿನ ಸದ್ದು ಮಾಡಿಸಲು ಇದರಷ್ಟು ಒದಗುವ ಕೋವಿ ಬೇರಿಲ್ಲ. ಇದರ ದೊಡ್ಡ ದೋಷವೆಂದರೆ, ತುಂಬಿದೆಯೋ ಇಲ್ಲವೋ ಹೊರನೋಟಕ್ಕೆ ತಿಳಿಯದು. ಅಪ್ಪ ತುಂಬಿಟ್ಟದ್ದನ್ನು ಅರಿಯದೆ ಮಗ ಇನ್ನೊಮ್ಮೆ ತುಂಬಿದರೆ ನಳಿಗೆ ಸಿಡಿಯುತ್ತದೆ. ಹಿಂದಿನವರು ಇದಕ್ಕೆ ಸುಲಭದ ಉಪಾಯ ಮಾಡಿಕೊಂಡಿದ್ದರು. ಖಾಲಿ ನಳಿಗೆಗೆ ಗಜಕೋಲು ಇಳಿಸಿ, ಬಾಯಿಯ ಮಟ್ಟಕ್ಕೆ ಕೋಲಿನ ಮೇಲೆ ಒಂದು ಗೀರು ಹಾಕುವುದು. ಮುಂದೆ ಯಾವಾಗ ಕೋಲು ಇಳಿಸಿದರೂ ಗೀರು ಬಾಯಿಯಿಂದ ಮೇಲೆ ನಿಂತರೆ ಒಳಗೆ ಏನೋ ಇದೆ ಎಂದೇ ಅರ್ಥ. ಗೀರಿಲ್ಲದ ಗಜಕೋಲು ಇರುವವರು ಈ ಹೊತ್ತೇ ಗೀರು ಹಾಕಿಕೊಳ್ಳಬೇಕು.

ಒಂಟಿನಳಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಹಾರದ ಮುಂಗೇರಿನಲ್ಲಿ ತಯಾರಾದವು ಬೇಕಾದಷ್ಟಿವೆ. ಗಟ್ಟಿಮುಟ್ಟು, ಹಗುರ, ಹಗುರವಾದ್ದರಿಂದ ಹೆಗಲಿಗೆ ಒದೆತ ಜಾಸ್ತಿ. ತೋಟದ ಕೆಲಸಕ್ಕೆ ಸಾಕು.

ನಮ್ಮ ಪ್ರೀತಿಯಿರುವುದು ಜೋಡುನಳಿಗೆಯ ಮೇಲೆ. ಬರ್ಮಿಂಗ್‌ಹ್ಯಾಮಿನ ಗ್ರೀನರ್, ವೆಬ್ಲಿ ಸ್ಕಾಟ್ ಮೊದಲಾದವರು ಮಾಡಿದ ಹಳೆಯ ಕೋವಿಯೊಂದನ್ನು ಹೆಗಲಿಗೇರಿಸಿ ನೋಡಿದವರಿಗೆ ಅದರ ತೂಕ ಎರಡು ಕೈಗಳ ನಡುವೆ ಹೇಗೆ ಸಮನಾಗಿ ಕೂರುತ್ತದೆಂಬುದು ಗೊತ್ತು. ಎರಡು ಕುದುರೆಯ ಕೋವಿಯಲ್ಲಿ ಸಾಮಾನ್ಯವಾಗಿ ಮುಂದಿನ ಕುದುರೆ ಬಲ ನಳಿಗೆಗೆ, ಹಿಂದಿನದು ಎಡ ನಳಿಗೆಗೆ. ಬಲ ನಳಿಗೆಯ ಚರೆ ಬೇಗ ಹರಡುತ್ತದೆ. ಎಡ ನಳಿಗೆಯ ಬಾಯಿ ಕೊಂಚ ಬಿಗಿಯಾದ್ದರಿಂದ ಅದರ ಚರೆ ಒತ್ತಾಗಿ ಹೋಗುತ್ತದೆ. ಹತ್ತಿರದ ಗುರಿಗೆ ಒಂದು, ದೂರದ ಗುರಿಗೆ ಇನ್ನೊಂದು. ಒಂದು ಬೆರಳಿನ ಆಯ್ಕೆ. ಈಗಿನ ಯಾವ ಯಂತ್ರವೂ ಇದನ್ನು ಇಷ್ಟು ಸರಳವಾಗಿ ಮಾಡಿದ್ದನ್ನು ನಾವು ಕಂಡಿಲ್ಲ.

ಈಗ ಸದಸ್ಯರ ಪ್ರಶ್ನೆಗೆ ಬರೋಣ. 12 ಬೋರ್ ಎಂದರೆ, ಒಂದು ಪೌಂಡ್ ಸೀಸವನ್ನು ಸಮನಾದ 12 ಗುಂಡು ಮಾಡಿದಾಗ ಒಂದು ಗುಂಡಿನ ಅಡ್ಡಳತೆ ಎಷ್ಟೋ ಅಷ್ಟು, ಅಂದರೆ ಸುಮಾರು ಹದಿನೆಂಟೂವರೆ ಮಿಲಿಮೀಟರ್, ನಳಿಗೆಯ ಅಗಲ. 20 ಬೋರ್ ಎಂದರೆ ಅದೇ ಪೌಂಡಿಗೆ 20 ಗುಂಡು. ಆದ್ದರಿಂದ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಇಷ್ಟು ಅನೇಕರಿಗೆ ಗೊತ್ತು. ಗೊತ್ತಿಲ್ಲದಿರುವುದು ತೋಟೆ ಕೂರುವ ಕೋಣೆಯ ಉದ್ದ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟರ ಕೋಣೆ ಎರಡೂವರೆ ಅಂಗುಲ, ಅಂದರೆ 65 ಮಿಲಿಮೀಟರ್. ಈಗಿನ ತೋಟೆಗಳಲ್ಲಿ ಹೆಚ್ಚಿನವು ಎರಡೂಮುಕ್ಕಾಲು ಅಂಗುಲ, 70 ಮಿಲಿಮೀಟರ್. ಈ ಅಳತೆ ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನ ತೋಟೆಯದು, ಹೊಡೆಯುವ ಮುನ್ನಿನದಲ್ಲ. ಮಡಿಸಿದ ಬಾಯಿಯ ಹೊಸ ತೋಟೆ ಹಳೆಯ ಕೋಣೆಯೊಳಕ್ಕೆ ಸಲೀಸಾಗಿ ಹೊಗುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಕುದುರೆ ಎಳೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ನಳಿಗೆಯ ಕಿರಿದಾದ ಭಾಗಕ್ಕೆ ಚಾಚಿ ಒತ್ತಡ ಏರುತ್ತದೆ. ಒಂದೆರಡು ಸಲ ಏನೂ ಆಗದಿರಬಹುದು. ತೋಟೆ ಒಳಗೆ ಹೊಕ್ಕಿತೆಂದ ಮಾತ್ರಕ್ಕೆ ಅದು ಆ ಕೋವಿಯದೆಂದು ತಿಳಿಯಬಾರದು.

ಇನ್ನು ಕೆಲವು ಹಳೆಯ ನಳಿಗೆಗಳ ಮೇಲೆ ಹಾವಿನ ಪೊರೆಯಂಥ, ನೀರಿನ ಸುಳಿಯಂಥ ಚಂದದ ಗೆರೆಗಳಿರುತ್ತವೆ. ಇವು ಡಮಾಸ್ಕಸ್ ನಳಿಗೆಗಳು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಗೊಳಿಸಿ, ಸುತ್ತಿ, ಕಾಸಿ ಬೆಸೆದವು. ನೋಡಲು ಇದಕ್ಕಿಂತ ಸುಂದರವಾದ ಲೋಹದ ಕೆಲಸ ಕಡಮೆ. ಆದರೆ ಇವುಗಳಲ್ಲಿ ಹೆಚ್ಚಿನವು ಕಪ್ಪು ಮದ್ದಿನ ಕಾಲಕ್ಕೆ ಮಾಡಿದವು, ಮೇಲಾಗಿ ನೂರು ಮಳೆಗಾಲ ಕಂಡವು. ಬೆಸುಗೆಯ ಒಳಗೆ ತುಕ್ಕು ತಿಂದಿದ್ದರೆ ಕಣ್ಣಿಗೆ ಕಾಣದು. ಮುಂದಿನ ಮರದ ತುಂಡು ಬಿಚ್ಚಿ ನಳಿಗೆಯ ಅಡಿಯ ಚಪ್ಪಟೆ ಭಾಗ ನೋಡಿದರೆ ಪರೀಕ್ಷೆಯ ಮುದ್ರೆಗಳಿರುತ್ತವೆ. ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದ ಬ್ರಿಟಿಷ್ ಕೋವಿಗೆ 'ನೈಟ್ರೋ ಪ್ರೂಫ್' ಎಂಬ ಅಥವಾ ಅದಕ್ಕೆ ಸಮನಾದ ಗುರುತು ಇರುತ್ತದೆ. ಕೋಣೆಯ ಉದ್ದವೂ ಅಲ್ಲೇ ಕೊರೆದಿರುವುದುಂಟು. ಆ ಮುದ್ರೆಗಳ ಫೋಟೊ ತೆಗೆದು ಪರವಾನಗಿಯುಳ್ಳ ಕೋವಿ ರಿಪೇರಿಯವರಿಗೆ ತೋರಿಸಬಹುದು. ದಯವಿಟ್ಟು ಕೋವಿಯನ್ನೇ ಹೆಗಲಿಗೆ ಹಾಕಿಕೊಂಡು ಸಂಘದ ಕಚೇರಿಗೆ ಬರಬೇಡಿ.

20 ಬೋರಿನ ತೋಟೆಯ ಮಾತೂ ಇಲ್ಲೇ ಹೇಳಬೇಕು. ಎರಡೂ ಬೋರಿನ ಕೋವಿಗಳಿರುವ ಮನೆಯಲ್ಲಿ ಒಂದೇ ಡಬ್ಬಿಯಲ್ಲಿ ಎರಡೂ ತೋಟೆ ಇಟ್ಟರೆ ಅನಾಹುತ ತಪ್ಪಿದ್ದಲ್ಲ. 20 ಬೋರಿನ ತೋಟೆ 12 ಬೋರಿನ ನಳಿಗೆಯಲ್ಲಿ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಕೋಣೆ ಖಾಲಿ ಕಾಣುವುದರಿಂದ ಅದರ ಹಿಂದೆ 12ರ ತೋಟೆ ಹಾಕಿ ಹೊಡೆದರೆ ನಳಿಗೆಯ ಜೊತೆಗೆ ಎಡಗೈಯೂ ಹೋಗುತ್ತದೆ. 20 ಬೋರಿನ ತೋಟೆಯನ್ನು ಹಳದಿ ಬಣ್ಣದಲ್ಲಿ ಮಾಡುವ ರೂಢಿ ಬಂದದ್ದು ಈ ಕಾರಣಕ್ಕೇ. ನಮ್ಮ ಸೀಮೆಗೆ ಮೀಸಲಾದ ಅಪಾಯ ಇನ್ನೊಂದಿದೆ. ಮೂಲೆಗೆ ಆನಿಸಿಟ್ಟ ಕೋವಿಯ ಬಾಯೊಳಗೆ ಮಣ್ಣಿನ ಗೂಡು ಕಟ್ಟುವ ಕಣಜ! ಒಣಗಿದ ಆ ಮಣ್ಣಿನ ಬಿರಟೆ ನಳಿಗೆ ಸೀಳಲು ಸಾಕು. ಕೋವಿ ತೆಗೆದ ಕೂಡಲೇ ಮಡಿಸಿ, ತೋಟೆ ಇಲ್ಲವೆಂದು ಖಚಿತ ಮಾಡಿಕೊಂಡು, ನಳಿಗೆಯನ್ನು ಹಿಂದಿನಿಂದ ಬೆಳಕಿಗೆ ಹಿಡಿದು ನೋಡಬೇಕು.

ಫೌಜಿನಿಂದ ನಿವೃತ್ತರಾಗಿ ಬಂದ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಅವರೊಡನೆ ಕುಳಿತರೆ ಮಾತು ಇಷಾಪುರದ ಕಾರ್ಖಾನೆಯ .303 ರೈಫಲಿಗೆ ಹೋಗಿಯೇ ಹೋಗುತ್ತದೆ. ಅದೇ ರೈಫಲನ್ನು ಮಾರ್ಪಡಿಸಿ .410ರ ಮಸ್ಕೆಟ್ ಮಾಡಿ ಪೊಲೀಸರಿಗೂ ಕಾವಲಿನವರಿಗೂ ಕೊಟ್ಟ ಕತೆಯೂ ಬರುತ್ತದೆ. ರೈಫಲ್ ತೋಟಕ್ಕೆ ಹೇಳಿದ್ದಲ್ಲ. ಅದರ ಗುಂಡು ಮೈಲಿಗೂ ಮಿಕ್ಕಿ ಹೋಗುತ್ತದೆ, .303 ಅಂತೂ ಸಾರ್ವಜನಿಕರಿಗೆ ನಿಷಿದ್ಧ. ಆದರೆ ಫೌಜಿಯವರ ಒಂದು ಅಭ್ಯಾಸ ನಾವೆಲ್ಲ ಕಲಿಯತಕ್ಕದ್ದು. ಅವರು ಕೋವಿಯನ್ನು ಯಾರ ಕೈಗಾದರೂ ಕೊಡುವ ಮುನ್ನ ತೆರೆದು, ಖಾಲಿಯೆಂದು ಕಣ್ಣಿಗೆ ತೋರಿಸಿಯೇ ಕೊಡುತ್ತಾರೆ. ಕೊಟ್ಟವರು ತೋರಿಸಿದ್ದರೂ ಪಡೆದವರು ಮತ್ತೆ ನೋಡುತ್ತಾರೆ. ಇದರಲ್ಲಿ ಅಪನಂಬಿಕೆಯ ಮಾತಿಲ್ಲ.

ಚರೆಯ ದೂರದ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. 12 ಬೋರಿನ ಚರೆ ಗುರಿಗೆ ಕೆಲಸ ಮಾಡುವುದು ಸುಮಾರು 40 ಗಜದವರೆಗೆ. ಆದರೆ ಅಲ್ಲಿಗೇ ಅದು ನಿಲ್ಲುವುದಿಲ್ಲ. 4ನೇ ನಂಬರಿನ ಸಣ್ಣ ಚರೆ ಕೂಡ 250 ಗಜದಾಚೆ ಹೋಗಿ ಬಿದ್ದೀತು. ಔನ್ಸಿಗೆ ಎಂಟೇ ತೂಗುವ ಎಸ್‌ಜಿ ಗುಂಡು 600 ಗಜ ದಾಟುತ್ತದೆ. ಹತ್ತಿಪ್ಪತ್ತು ಎಕರೆಯ ನಮ್ಮ ಹಿಡುವಳಿಗಳಲ್ಲಿ 600 ಗಜ ಎಂದರೆ ಪಕ್ಕದವರ ಲೈನ್ ಮನೆ, ಕಣ, ಶಾಲೆಗೆ ಹೋಗುವ ಹಾದಿ. ಕತ್ತಲಲ್ಲಿ ಪೊದೆ ಅಲುಗಿತೆಂದು ಈಡು ಹೊಡೆದು, ಹಂದಿಯ ಬದಲು ಜೊತೆಗಾರನೇ ಬಿದ್ದ ಸುದ್ದಿಯನ್ನು ಮಲೆನಾಡಿನವರೂ ಕೊಡಗಿನವರೂ ಎಷ್ಟು ಸಲ ಓದಿಲ್ಲ!

ಕಾಯಿದೆಯ ಮಾತಿಗೆ ಬಂದರೆ, ಬೆಳೆ ರಕ್ಷಣೆಯ ಕೋವಿ ಇದೆ ಎಂದಾಕ್ಷಣ ಪ್ರಾಣಿ ಕೊಲ್ಲಲು ಅನುಮತಿ ಇದೆ ಎಂದಲ್ಲ. 1972ರ ವನ್ಯಜೀವಿ ಕಾಯಿದೆಯ 2022ರ ತಿದ್ದುಪಡಿಯ ಬಳಿಕ ಕಾಡುಹಂದಿ ಎರಡನೇ ಪರಿಚ್ಛೇದದಲ್ಲಿದೆ. ಅದನ್ನು ಹೊಡೆಯಲು ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಬೇಕು. ನಮ್ಮ ಎಳೆ ಅಡಕೆ ಉದುರಿಸುವ ಮಂಗವಂತೂ ಆನೆ, ಕಾಟಿಗಳ ಜೊತೆ ಮೊದಲನೇ ಪರಿಚ್ಛೇದಕ್ಕೇ ಏರಿದೆ. ಅಲ್ಲಿನ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. ಕಾಯಿದೆ ಮಾಡಿದವರು ಒಂದು ವಾರ ನಮ್ಮ ಅಡಕೆ ತೋಟದಲ್ಲಿ ಮಂಗನ ಕಾವಲು ಕೂರಬೇಕೆಂಬ ಸದಸ್ಯರೊಬ್ಬರ ಮಾತಿಗೆ ನಮ್ಮ ಪೂರ್ಣ ಸಹಮತವಿದೆ. ಆದರೆ ಕಾಯಿದೆ ಕಾಯಿದೆಯೇ.

ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಬಂದಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷಗಳಿಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ರಾಜ್ಯದ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು. ಅಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ. ಉಳಿದ ನಮಗೆಲ್ಲ ಪರವಾನಗಿಯೇ ಗತಿ. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ 5 ವರ್ಷವಾಗಿದೆ, ಒಬ್ಬರಿಗೆ ಕೋವಿಯ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ಪರವಾನಗಿದಾರರು ತೀರಿಕೊಂಡರೆ ಅವರ ಕೋವಿ ತಾನಾಗಿ ಮಗನದಾಗುವುದಿಲ್ಲ. ತಡಮಾಡದೆ ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯಲ್ಲೋ ಇಟ್ಟು, ಆಮೇಲೆ ತನ್ನ ಹೆಸರಿಗೆ ಪರವಾನಗಿ ಕೇಳಬೇಕು. ತಿಥಿ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ವರ್ಷ ಕಳೆದರೆ ಅದು ಅಕ್ರಮ ಆಯುಧವಾಗಿ ಕೂರುತ್ತದೆ.

ಚುನಾವಣೆ ಬಂದಾಗ ಕೋವಿ ಒಪ್ಪಿಸಬೇಕಾಗುವ ತಾಪತ್ರಯ ಎಲ್ಲರಿಗೂ ಗೊತ್ತು. ವಿನಾಯಿತಿ ಬೇಕಾದವರು ಜಿಲ್ಲಾ ಪರಿಶೀಲನಾ ಸಮಿತಿಗೆ, ತೋಟದ ಪಹಣಿ ಮತ್ತು ಆನೆ ಹಂದಿಗಳಿಂದಾದ ಬೆಳೆ ನಷ್ಟದ ದಾಖಲೆಯೊಂದಿಗೆ ಮುಂಚಿತವಾಗಿ ಅರ್ಜಿ ಕೊಡುವುದು ಲೇಸು. ಅರ್ಜಿಯ ನಮೂನೆ ಬರೆಯಲು ಕಚೇರಿಯಲ್ಲಿ ನೆರವಾಗುತ್ತೇವೆ. ಒಪ್ಪಿಸಲೇಬೇಕಾಗಿ ಬಂದರೆ ನಳಿಗೆಯ ಒಳಹೊರಗೆ ಹೊಲಿಗೆಯಂತ್ರದ ಎಣ್ಣೆ ಚೆನ್ನಾಗಿ ಸವರಿ ಕೊಡಿ. ತೊಗಲಿನ ಚೀಲದಲ್ಲಿ ಹಾಕಿ ಕೊಡಬೇಡಿ, ತೊಗಲು ತೇವ ಹಿಡಿದು ಎರಡು ತಿಂಗಳಲ್ಲಿ ತುಕ್ಕು ತರಿಸುತ್ತದೆ. ರಸೀದಿಯಲ್ಲಿ ಕೋವಿಯ ನಂಬರಿನ ಜೊತೆಗೆ ಅದರ ಸ್ಥಿತಿಯನ್ನೂ ಬರೆಸಿಕೊಳ್ಳಿ.