ಯಂತ್ರದ ತಾಳಕ್ಕೆ ನಟನೋ, ನಟನ ತಾಳಕ್ಕೆ ಯಂತ್ರವೋ?

ಷೇಕ್ಸ್‌ಪಿಯರ್‌ನ ಹುಟ್ಟೂರು, ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್-ಅಪಾನ್-ಏವನ್. 2016ರ ನವೆಂಬರ್‌ನಲ್ಲಿ ಅಲ್ಲಿನ ರಾಯಲ್ ಷೇಕ್ಸ್‌ಪಿಯರ್ ಕಂಪೆನಿ, ಆತನ ನಾನೂರನೆಯ ಪುಣ್ಯವರ್ಷದ ನೆನಪಿಗೆ 'ದಿ ಟೆಂಪೆಸ್ಟ್' ನಾಟಕವನ್ನು ರಂಗಕ್ಕೆ ತಂದಿತು. ಕುವೆಂಪು ಅವರ 'ಬಿರುಗಾಳಿ'ಯ ಮೂಲಕ ಕನ್ನಡಿಗರಿಗೂ ಪರಿಚಿತವಾದ ನಾಟಕವಿದು. ದ್ವೀಪವೊಂದರಲ್ಲಿ ನೆಲೆಸಿದ ಮಾಂತ್ರಿಕ ಪ್ರಾಸ್ಪೆರೊ. ಅವನ ಆಜ್ಞೆಯಂತೆ ಗಾಳಿಯಾಗಿ, ಬೆಂಕಿಯಾಗಿ ರೂಪ ಬದಲಿಸುವ ಏರಿಯಲ್ ಎಂಬ ಕಿನ್ನರ. ಮೈಯಿಲ್ಲದ ಪಾತ್ರವನ್ನು ಮೈಯುಳ್ಳ ನಟನಿಂದ ಆಡಿಸುವುದು ಹೇಗೆ? ಈ ಹಳೆಯ ಪ್ರಶ್ನೆಗೆ ಉತ್ತರ ಹುಡುಕಲು ನಿರ್ದೇಶಕ ಗ್ರೆಗರಿ ಡೊರಾನ್ ಕಂಪ್ಯೂಟರಿನ ನೆರವು ಪಡೆದರು.

ಏರಿಯಲ್ ಪಾತ್ರಧಾರಿ ಮಾರ್ಕ್ ಕ್ವಾರ್ಟ್ಲಿ ತೊಟ್ಟ ಮೈಗಂಟಿದ ಉಡುಪಿನಲ್ಲಿ ಅಲ್ಲಲ್ಲಿ ಪುಟ್ಟ ಸೆನ್ಸರ್‌ಗಳಿದ್ದವು. ಮೊಣಕೈ ಎಷ್ಟು ಮಡಿಯಿತು, ಬೆನ್ನು ಎತ್ತ ಬಾಗಿತು, ಕಾಲು ಎಷ್ಟು ಬೇಗ ಮೇಲೆದ್ದಿತು ಎಂಬುದನ್ನೆಲ್ಲ ಅವು ಕಂಪ್ಯೂಟರಿಗೆ ರವಾನಿಸುತ್ತಿದ್ದವು. ಕಂಪ್ಯೂಟರಿನಲ್ಲಿ ಮೊದಲೇ ರೂಪಿಸಿಟ್ಟಿದ್ದ ಏರಿಯಲ್‌ನ ಚಿತ್ರಗೊಂಬೆ ಅದೇ ಕ್ಷಣದಲ್ಲಿ ಹಾಗೆಯೇ ಚಲಿಸಿ, ರಂಗದ ಮೇಲೆ ಇಳಿಬಿಟ್ಟ ತೆಳುಪರದೆಯ ಮೇಲೆ ಮೂಡುತ್ತಿತ್ತು. ನಟ ಕೈ ಎತ್ತಿದರೆ ಮೇಲೆ ತೇಲುತ್ತಿದ್ದ ಕಿನ್ನರನೂ ಕೈ ಎತ್ತುತ್ತಿದ್ದ. ತೊಗಲುಗೊಂಬೆಯಾಟದಲ್ಲಿ ಗೊಂಬೆ ಆಡಿಸುವಾತ ತೆರೆಯ ಹಿಂದೆ ಅಡಗಿರುತ್ತಾನೆ. ಇಲ್ಲಿ ಗೊಂಬೆಯೂ ಆಡಿಸುವಾತನೂ ಒಟ್ಟಿಗೆ ಪ್ರೇಕ್ಷಕರ ಮುಂದಿದ್ದರು.

'ಮೋಷನ್ ಕ್ಯಾಪ್ಚರ್' ಎಂದು ಕರೆಯಲಾಗುವ ಈ ತಂತ್ರ ಸಿನಿಮಾದವರಿಗೆ ಹೊಸದಲ್ಲ. ಆದರೆ ಸಿನಿಮಾದಲ್ಲಿ ನಟನ ಚಲನೆಯನ್ನು ಮುದ್ರಿಸಿಕೊಂಡು, ಅದನ್ನು ತಿಂಗಳುಗಟ್ಟಲೆ ತಿದ್ದಿ ತೀಡಲು ಅವಕಾಶವಿರುತ್ತದೆ. ರಂಗಭೂಮಿಯಲ್ಲಿ ಎಲ್ಲವೂ ಆ ಕ್ಷಣದಲ್ಲೇ ಆಗಬೇಕು. ಇಂಟೆಲ್ ಕಂಪೆನಿ ಹಾಗೂ ಇಮ್ಯಾಜಿನೇರಿಯಂ ಸ್ಟುಡಿಯೊ ಜತೆಗೂಡಿ ಇದನ್ನು ಸಿದ್ಧಪಡಿಸಲು ಸುಮಾರು ಎರಡು ವರ್ಷ ಹಿಡಿಯಿತೆಂದರೆ ಕೆಲಸದ ಕಷ್ಟವನ್ನು ಊಹಿಸಬಹುದು.

ಗಾಜಿನ ಭೂತ

ರಂಗದ ಮೇಲೆ ಮಾಯೆ ತೋರಿಸುವ ಹಂಬಲ ಕಂಪ್ಯೂಟರಿಗಿಂತ ಬಹಳ ಹಿಂದಿನದು. 'ಟೆಂಪೆಸ್ಟ್' 1611ರಲ್ಲಿ ದೊರೆ ಒಂದನೆಯ ಜೇಮ್ಸ್‌ನ ಆಸ್ಥಾನದಲ್ಲಿ ಪ್ರದರ್ಶನ ಕಂಡಾಗ, ಚಲಿಸುವ ದೃಶ್ಯಾವಳಿ ಮತ್ತು ಯಂತ್ರಗಳ ಬೆರಗಿನಿಂದ ಕೂಡಿದ 'ಮಾಸ್ಕ್' ಎಂಬ ಪ್ರದರ್ಶನಗಳು ಅರಮನೆಯ ಮೆಚ್ಚಿನ ಮನರಂಜನೆಯಾಗಿದ್ದವು. ನಮ್ಮಲ್ಲಿ ಗುಬ್ಬಿ ವೀರಣ್ಣನವರ ಕಂಪೆನಿ ರಂಗದ ಮೇಲೆ ಆನೆ, ಕುದುರೆಗಳನ್ನು ತಂದು ಜನರನ್ನು ಬೆರಗುಗೊಳಿಸಿದ್ದರ ಹಿಂದೆಯೂ ಇಂಥದೇ ಹಂಬಲವಿತ್ತು.

ಇಂದಿಗೂ ಬಳಕೆಯಲ್ಲಿರುವ ತಂತ್ರವೊಂದು ಬಂದದ್ದು 1862ರ ಕ್ರಿಸ್‌ಮಸ್ ಮುನ್ನಾದಿನ. ಎಂಜಿನಿಯರ್ ಹೆನ್ರಿ ಡರ್ಕ್ಸ್‌ನ ಯೋಚನೆಯನ್ನು ಸುಧಾರಿಸಿ, ಜಾನ್ ಹೆನ್ರಿ ಪೆಪ್ಪರ್ ಅದನ್ನು ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಪ್ರದರ್ಶಿಸಿದ. ರಂಗಕ್ಕೂ ಪ್ರೇಕ್ಷಕರಿಗೂ ನಡುವೆ ದೊಡ್ಡ ಗಾಜನ್ನು ಓರೆಯಾಗಿ ನಿಲ್ಲಿಸಲಾಗುತ್ತಿತ್ತು. ಕೆಳಗೆ ಮರೆಯಲ್ಲಿದ್ದ ನಟನ ಮೇಲೆ ಪ್ರಖರ ಬೆಳಕು ಬಿದ್ದಾಗ ಅವನ ಪ್ರತಿಬಿಂಬ ಗಾಜಿನಲ್ಲಿ ಕಾಣುತ್ತಿತ್ತು. ಗಾಜು ಬೆಳಕಿನ ಒಂದಂಶವನ್ನಷ್ಟೇ ಪ್ರತಿಫಲಿಸುವುದರಿಂದ ಭೂತ ಪಾರದರ್ಶಕವಾಗಿ, ರಂಗದ ಮೇಲಿನ ನಟನ ಪಕ್ಕದಲ್ಲೇ ನಿಂತಂತೆ ತೋರುತ್ತಿತ್ತು.

1996ರಲ್ಲಿ ಹತ್ಯೆಯಾದ ಅಮೆರಿಕದ ಗಾಯಕ ಟುಪಾಕ್ ಶಕೂರ್ 2012ರಲ್ಲಿ ಕೋಚೆಲ್ಲಾ ಸಂಗೀತೋತ್ಸವದ ವೇದಿಕೆಯ ಮೇಲೆ 'ಕಾಣಿಸಿಕೊಂಡದ್ದು' ಇದೇ ತತ್ವದಿಂದ. ಗಾಜಿನ ಬದಲು ತೆಳು ಪ್ಲಾಸ್ಟಿಕ್ ಹಾಳೆ ಬಂದಿತ್ತು, ಮರೆಯಲ್ಲಿನ ನಟನ ಬದಲು ಕಂಪ್ಯೂಟರ್ ಚಿತ್ರ ಬಂದಿತ್ತು, ಅಷ್ಟೆ. ಅದೇ ವರ್ಷ ಗುಜರಾತ್ ಚುನಾವಣೆಯಲ್ಲಿ ನರೇಂದ್ರ ಮೋದಿಯವರು ಏಕಕಾಲಕ್ಕೆ ಹಲವು ಊರುಗಳಲ್ಲಿ ಭಾಷಣ ಮಾಡಿದ್ದೂ ಇದೇ ಬಗೆಯ ತಂತ್ರದ ನೆರವಿನಿಂದ. ಜನ ಇದನ್ನು 'ಹೊಲೊಗ್ರಾಮ್' ಎನ್ನುತ್ತಾರಾದರೂ, ವಾಸ್ತವವಾಗಿ ಇದು ಪೆಪ್ಪರ್‌ನ ಭೂತದ ಮರಿಮಗ.

ಯಾರು ಯಾರಿಗಾಗಿ ಕಾಯಬೇಕು?

ಈ ಎಲ್ಲ ತಂತ್ರಗಳ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಜೆಕೊಸ್ಲೊವಾಕಿಯಾದ ಆಲ್‌ಫ್ರೆಡ್ ರಾಡೊಕ್ ಮತ್ತು ಯೋಸೆಫ್ ಸ್ವೊಬೊಡಾ 'ಲಾತೆರ್ನಾ ಮಾಗಿಕಾ' ಎಂಬ ಪ್ರದರ್ಶನ ನೀಡಿದರು. ರಂಗದ ಮೇಲಿದ್ದ ನಿರೂಪಕಿ ಪರದೆಯ ಮೇಲಿದ್ದ ತನ್ನದೇ ಚಿತ್ರದೊಡನೆ ಮಾತಾಡುತ್ತಿದ್ದಳು. ಮೇಳ ಇದನ್ನು ಮೆಚ್ಚಿಕೊಂಡಿತು. ಆದರೆ ಇಲ್ಲಿ ನಟರಿಗೆ ಸಂಕೋಲೆಯೂ ಇತ್ತು. ಫಿಲ್ಮ್ ಯಾರಿಗಾಗಿಯೂ ನಿಲ್ಲುವುದಿಲ್ಲ. ಪ್ರೇಕ್ಷಕರು ನಕ್ಕರೂ, ಚಪ್ಪಾಳೆ ತಟ್ಟಿದರೂ, ನಟಿ ಅದರ ವೇಗಕ್ಕೇ ಹೊಂದಿಕೊಳ್ಳಬೇಕು.

ಯಕ್ಷಗಾನ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ವೇಷಧಾರಿ ಉತ್ಸಾಹದಿಂದ ಎರಡು ಸುತ್ತು ಹೆಚ್ಚು ಹಾಕಿದರೆ ಚೆಂಡೆಯೂ ಅಷ್ಟೇ ಹೆಚ್ಚು ನುಡಿಯುತ್ತದೆ. ಚೆಂಡೆ ಬಾರಿಸುವಾತನ ಕಣ್ಣು ಅವನ ಹೆಜ್ಜೆಯ ಮೇಲಿರುತ್ತದೆ. ಧ್ವನಿಮುದ್ರಿತ ಹಾಡಿಗೆ ಕುಣಿಯುವ ಶಾಲಾ ಮಗುವಿಗೆ ಆ ಸೌಲಭ್ಯವಿಲ್ಲ. ಒಂದು ಹೆಜ್ಜೆ ತಪ್ಪಿದರೆ ಹಾಡು ಮುಂದೆ ಹೋಗಿಬಿಡುತ್ತದೆ.

2022ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಆರಂಭವಾದ 'ಆಬಾ ವಾಯೇಜ್' ಪ್ರದರ್ಶನವನ್ನು ಈ ದೃಷ್ಟಿಯಿಂದ ನೋಡಬಹುದು. ಸ್ವೀಡನ್ನಿನ ಆಬಾ ತಂಡದ ನಾಲ್ವರು ಕಲಾವಿದರು 160 ಕ್ಯಾಮೆರಾಗಳ ನಡುವೆ ಐದು ವಾರ ಹಾಡಿ ಕುಣಿದರು. ಆ ಚಲನೆಗಳಿಂದ ಅವರ ಯೌವನದ ರೂಪಗಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಲಾಯಿತು. ನೋಟ ಬೆರಗು ಹುಟ್ಟಿಸುವಂಥದು. ಆದರೆ ಎದುರಿನ ಸಭೆ ಎಷ್ಟೇ ಉಕ್ಕಿದರೂ ಆ ರೂಪಗಳಿಗೆ ಅದರ ಅರಿವಿಲ್ಲ. ಅಲ್ಲಿ ನಿಜವಾಗಿ ಜೀವಂತವಾಗಿರುವುದು ಅವರೊಡನೆ ನುಡಿಸುವ ವಾದ್ಯವೃಂದ ಮಾತ್ರ.

ಸ್ಟ್ರಾಟ್‌ಫರ್ಡ್‌ನ ಏರಿಯಲ್ ಹಾಗಲ್ಲ. ನಟ ಒಂದು ಉಸಿರು ತಡೆದು ನಿಂತರೆ ಚಿತ್ರವೂ ನಿಲ್ಲುತ್ತಿತ್ತು. ಯಂತ್ರ ನಟನಿಗೆ ಕಾಯುವುದನ್ನು ಕಲಿತಿತ್ತು. 2021ರ ಮಾರ್ಚ್‌ನಲ್ಲಿ, ಕೊರೊನಾದಿಂದ ರಂಗಮಂದಿರಗಳು ಮುಚ್ಚಿದ್ದಾಗ, ಅದೇ ಕಂಪೆನಿ 'ಡ್ರೀಮ್' ಎಂಬ ಪ್ರಯೋಗದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನಟರು ಪೋರ್ಟ್ಸ್‌ಮತ್ ನಗರದಲ್ಲಿ ಸೆನ್ಸರ್ ಉಡುಪು ತೊಟ್ಟು ಅಭಿನಯಿಸಿದರು. ಪ್ರೇಕ್ಷಕರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ನೋಡಿದರು. ಟಿಕೆಟ್ ಪಡೆದವರು ಮಿಂಚುಹುಳುಗಳ ರೂಪದಲ್ಲಿ ಕಾಡಿನ ದೃಶ್ಯದೊಳಗೆ ಬೆಳಕು ಚೆಲ್ಲಬಹುದಿತ್ತು.

ತಂತ್ರಜ್ಞಾನ ಅಭಿನಯವನ್ನು ನುಂಗುತ್ತದೆಯೇ ಎಂಬ ಆತಂಕ ಇದರಿಂದ ಪೂರ್ತಿ ನಿವಾರಣೆಯಾಗಿಲ್ಲ. ಅಷ್ಟೆಲ್ಲ ಬೆಡಗಿನ ನಡುವೆಯೂ 'ಟೆಂಪೆಸ್ಟ್' ನೋಡಿದ ಹಲವು ವಿಮರ್ಶಕರ ಮನಸ್ಸಿನಲ್ಲಿ ಉಳಿದದ್ದು ಪ್ರಾಸ್ಪೆರೊ ಪಾತ್ರದ ಸೈಮನ್ ರಸೆಲ್ ಬೀಲ್ ಅವರ ಅಭಿನಯ. ಅದಕ್ಕೆ ಯಾವ ಸೆನ್ಸರೂ ಬೇಕಿರಲಿಲ್ಲ. ಸೆರೆಯಾದ ಶತ್ರುಗಳ ಸ್ಥಿತಿ ಕಂಡು ಏರಿಯಲ್ ಮರುಗಿದಾಗ, ಮನುಷ್ಯನಲ್ಲದ ಕಿನ್ನರನಿಗೇ ಇಷ್ಟು ಕರುಣೆಯಿದ್ದರೆ ತನಗೆಷ್ಟಿರಬೇಕೆಂದು ಪ್ರಾಸ್ಪೆರೊ ಸೇಡು ಬಿಡುತ್ತಾನೆ. ನಾಟಕದ ಈ ತಿರುವನ್ನು ಯಾವ ಬೆಳಕೂ ತೋರಿಸಲಾರದು. ನಟನ ಮುಖವೇ ತೋರಿಸಬೇಕು.

ಇಂಟೆಲ್‌ನಂಥ ಕಂಪೆನಿಯ ಬೆಂಬಲ ಎಲ್ಲ ತಂಡಗಳಿಗೂ ಸಿಗುವಂಥದಲ್ಲ. ಆದರೆ ಪ್ರೊಜೆಕ್ಟರ್ ಮತ್ತು ಧ್ವನಿಮುದ್ರಿತ ಸಂಗೀತ ಇಂದು ನಮ್ಮ ಹವ್ಯಾಸಿ ತಂಡಗಳ ಕೈಗೂ ಎಟುಕಿವೆ. ಅವುಗಳನ್ನು ಬಳಸುವ ನಿರ್ದೇಶಕ ತಾಲೀಮಿನಲ್ಲಿ ಒಂದು ಪರೀಕ್ಷೆಯನ್ನು ಖರ್ಚಿಲ್ಲದೆ ಮಾಡಬಹುದು: ಮಾತಿನ ನಡುವೆ ನಟ ಒಂದು ಗಳಿಗೆ ಹೆಚ್ಚು ಮೌನವಾಗಿ ನಿಂತರೆ, ಹಿಂದಿನ ಪರದೆ ಅವನಿಗಾಗಿ ಕಾಯುತ್ತದೆಯೇ?